ಅಡ್ಮಿರಲ್ ಕೇಳಿದ ಒಂದು ಪ್ರಶ್ನೆ

ಡಿಸೆಂಬರ್ 4 ನೌಕಾಪಡೆ ದಿನ. ಅವತ್ತು ಫೇಸ್‌ಬುಕ್ ತೆರೆದರೆ ಸಾಕು, 1971ರಲ್ಲಿ ಕರಾಚಿ ಬಂದರು ಹೊತ್ತಿ ಉರಿದ ಕಥೆಯೇ ಎಲ್ಲ ಕಡೆ. ಓದಿದರೆ ಹೆಮ್ಮೆ ಆಗುತ್ತದೆ, ಆಗಲೇಬೇಕು. ಆದರೆ ಆ ರಾತ್ರಿಗೂ ಮೊದಲು ದೆಹಲಿಯಲ್ಲಿ ನಡೆದ ಒಂದು ಮಾತುಕತೆ ಬಗ್ಗೆ ಬರೆಯುವವರು ತುಂಬಾ ಕಡಿಮೆ. ನೌಕಾಪಡೆಯ ಮುಖ್ಯಸ್ಥರಿಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಆ ಮಾತುಕತೆಯ ಕಥೆಯನ್ನೇ.

ಅದಕ್ಕೆ 1965ರಿಂದ ಶುರು ಮಾಡಬೇಕು. ಆಗ ಮುಖ್ಯಸ್ಥರಾಗಿದ್ದವರು ವೈಸ್ ಅಡ್ಮಿರಲ್ ಭಾಸ್ಕರ್ ಸದಾಶಿವ ಸೋಮನ್. ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿತ್ತು. ಸೈನ್ಯ, ವಾಯುಪಡೆ ಎರಡೂ ಕಣದಲ್ಲಿದ್ದವು. ನೌಕಾಪಡೆಗೆ ಮಾತ್ರ ಸರ್ಕಾರದಿಂದ ಬೇರೆ ಆದೇಶ ಬಂತು: ಪೋರಬಂದರಿನ ಉತ್ತರಕ್ಕೆ ಹೋಗಬೇಡಿ, ನೀವಾಗಿ ಸಮುದ್ರದಲ್ಲಿ ಯುದ್ಧ ಶುರು ಮಾಡಬೇಡಿ. ವಿಮಾನವಾಹಕ ನೌಕೆ ವಿಕ್ರಾಂತ್ ಕೂಡ ರಿಪೇರಿಗೆ ಅಂತ ಡಾಕ್‌ನಲ್ಲಿತ್ತು. ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ಹಡಗುಗಳು ದ್ವಾರಕೆಯ ಹತ್ತಿರಕ್ಕೇ ಬಂದು ಗುಂಡು ಹಾರಿಸಿ ವಾಪಸ್ ಹೋದವು. ಹಾನಿ ದೊಡ್ಡದೇನಲ್ಲ. ಅವಮಾನ ಮಾತ್ರ ದೊಡ್ಡದು. ಸೋಮನ್ ಸುಮ್ಮನಿರಲಿಲ್ಲ. ಪ್ರಧಾನಿ ಶಾಸ್ತ್ರಿಯವರವರೆಗೂ ಹೋಗಿ ನಿರ್ಬಂಧ ತೆಗೆಯಿರಿ ಅಂತ ಕೇಳಿದರು. ಒಪ್ಪಿಗೆ ಸಿಗಲಿಲ್ಲ. ಸಮುದ್ರದಲ್ಲಿ ಇನ್ನೊಂದು ರಂಗ ತೆರೆಯುವುದು ಸರ್ಕಾರಕ್ಕೆ ಬೇಡವಾಗಿತ್ತು. ಸೋಮನ್ ಆದೇಶಕ್ಕೆ ತಲೆಬಾಗಿದರು. ಆ ಹಡಗುಗಳಲ್ಲಿದ್ದ ಸಾವಿರಾರು ನಾವಿಕರಿಗೆ ಆ ದಿನಗಳು ಹೇಗಿದ್ದಿರಬಹುದು? ಯುದ್ಧಕ್ಕೆಂದೇ ತಯಾರಾದವರು, ಯುದ್ಧ ನಡೆಯುವಾಗ ಕೈಕಟ್ಟಿ ಕೂರಬೇಕಾಯಿತು.

ಈಗ 1971ಕ್ಕೆ ಬನ್ನಿ. ಮುಖ್ಯಸ್ಥರು ಅಡ್ಮಿರಲ್ ಎಸ್. ಎಂ. ನಂದಾ. ಅವರು ಬೆಳೆದದ್ದೇ ಕರಾಚಿ ಬಂದರಿನ ಬಾಯಲ್ಲಿರುವ ಮನೋರಾದಲ್ಲಿ. ನೌಕಾಪಡೆಗೆ ಸೇರುವ ಮೊದಲು ಕೆಲಸ ಮಾಡಿದ್ದೂ ಅದೇ ಬಂದರಿನಲ್ಲಿ. ಅಲ್ಲಿನ ಎಣ್ಣೆ ಟ್ಯಾಂಕ್‌ಗಳು ಎಲ್ಲಿವೆ, ಹಡಗುಗಳು ಯಾವ ದಾರಿಯಲ್ಲಿ ಒಳಗೆ ಬರುತ್ತವೆ ಅನ್ನೋದು ಅವರಿಗೆ ಅಂಗೈಯಷ್ಟು ಗೊತ್ತು. ಯುದ್ಧ ಬರುವುದು ಖಚಿತ ಅನಿಸಿದಾಗ ಅವರು ಪ್ರಧಾನಿ ಇಂದಿರಾ ಗಾಂಧಿಯವರನ್ನು ಭೇಟಿಯಾದರು. ನೌಕಾಪಡೆ ಸಿದ್ಧವಿದೆ ಅಂತ ಹೇಳಿ ಎದ್ದು ಬರಲಿಲ್ಲ. ನೇರವಾಗಿ ಕೇಳಿದರು: ನಾವು ಕರಾಚಿ ಮೇಲೆ ದಾಳಿ ಮಾಡಿದರೆ ಸರ್ಕಾರಕ್ಕೆ ರಾಜಕೀಯವಾಗಿ ಏನಾದರೂ ಅಡ್ಡಿ ಇದೆಯಾ? ಯಾಕೆ ಕೇಳುತ್ತಿದ್ದೀರಿ ಅಂತ ಇಂದಿರಾ ಕೇಳಿದಾಗ 1965ರ ಆದೇಶವನ್ನು ನೆನಪಿಸಿದರು. ಇಂದಿರಾ ಸ್ವಲ್ಪ ಯೋಚಿಸಿದರು. ಯುದ್ಧ ಅಂದ ಮೇಲೆ ಯುದ್ಧವೇ ಅನ್ನೋ ಅರ್ಥದ ಉತ್ತರ ಕೊಟ್ಟರು. ನಂದಾಗೆ ಬೇಕಾದದ್ದು ಸಿಕ್ಕಿತು.

ಆಮೇಲಿನದು ನಿಮಗೆ ಗೊತ್ತು. ಆದರೂ ಒಂದು ವಿಷಯ ಹೇಳಲೇಬೇಕು. ಸೋವಿಯತ್ ರಷ್ಯಾದಿಂದ ತಂದ ಆ ಮಿಸೈಲ್ ಬೋಟ್‌ಗಳು ಬಂದರು ಕಾಯುವುದಕ್ಕೆ ಅಂತ ಮಾಡಿದ ಚಿಕ್ಕ ದೋಣಿಗಳು. ದೂರ ಹೋಗುವಷ್ಟು ಇಂಧನ ಅವುಗಳಲ್ಲಿ ಹಿಡಿಯುವುದಿಲ್ಲ. ಅಂಥವನ್ನು ದೊಡ್ಡ ಹಡಗಿಗೆ ಕಟ್ಟಿ ಎಳೆದುಕೊಂಡು ಹೋದರೆ ಕರಾಚಿವರೆಗೂ ಮುಟ್ಟಬಹುದು ಅನ್ನೋ ಯೋಚನೆ ಬಂತು. ಅಭ್ಯಾಸ ಮಾಡಿ ನೋಡಿದರು, ಆಗುತ್ತದೆ ಅಂತ ಗೊತ್ತಾಯಿತು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಮೂರೂ ಸೇರಿ ಪಾಕಿಸ್ತಾನದ ಖೈಬರ್ ಅನ್ನೋ ಡಿಸ್ಟ್ರಾಯರ್ ಮತ್ತು ಮುಹಾಫಿಜ್ ಅನ್ನೋ ಮೈನ್‌ಸ್ವೀಪರ್ ಮುಳುಗಿಸಿದವು. ನಾಲ್ಕು ದಿನದ ಮೇಲೆ ಇನ್ನೊಂದು ದಾಳಿ. ಅದೇ ಡಿಸೆಂಬರ್ 9ರಂದು ನಮ್ಮ ಖುಕ್ರಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಗೆಲುವಿನ ಪೋಸ್ಟ್ ಹಾಕುವಾಗ ಈ ಸಂಖ್ಯೆಯನ್ನೂ ಹಾಕಿ, ದಯವಿಟ್ಟು.

ಸೋಮನ್ ಹೆದರುಪುಕ್ಕಲರಲ್ಲ. ನಂದಾ ಒಬ್ಬರೇ ಧೈರ್ಯವಂತರೂ ಅಲ್ಲ. ಸೋಮನ್‌ಗೆ ಯುದ್ಧದ ಮಧ್ಯದಲ್ಲಿ ಕೇಳಬೇಕಾಗಿ ಬಂತು. ನಂದಾ ಯುದ್ಧಕ್ಕೆ ಮೊದಲೇ ಕೇಳಿದರು, ಅದೂ ಸೋಮನ್‌ಗೆ ಆದದ್ದನ್ನು ನೋಡಿದ್ದರಿಂದ. ಹಾಗಾಗಿ 1971ರ ಗೆಲುವಿನಲ್ಲಿ ಸೋಮನ್ ಪಾಲೂ ಇದೆ ಅಂತ ನಾನು ನಂಬಿದ್ದೇನೆ.

ಮುಖ್ಯಸ್ಥರು ಹಡಗಿನ ಮೇಲೆ ನಿಂತು ಯುದ್ಧ ಮಾಡಿಸುವುದಿಲ್ಲ. ಅವರ ಕಚೇರಿ ಇರುವುದು ದೆಹಲಿಯಲ್ಲಿ, ಸಮುದ್ರದಿಂದ ಎಷ್ಟೋ ದೂರ. ಮುಂಬೈ, ವಿಶಾಖಪಟ್ಟಣ, ಕೊಚ್ಚಿಯಲ್ಲಿ ಒಂದೊಂದು ಕಮಾಂಡ್ ಇದೆ, ಅಲ್ಲಿನ ವೈಸ್ ಅಡ್ಮಿರಲ್‌ಗಳು ದಿನದ ಕೆಲಸ ನೋಡಿಕೊಳ್ಳುತ್ತಾರೆ. ಮುಖ್ಯಸ್ಥರಿಗೆ ಸಿಗುವುದು ಮೂರು ವರ್ಷ, ಇಲ್ಲವೇ 62 ವಯಸ್ಸು, ಯಾವುದು ಮೊದಲೋ ಅದು. ಅಷ್ಟರಲ್ಲಿ ಅವರು ಸರ್ಕಾರಕ್ಕೆ ಸಲಹೆ ಕೊಡಬೇಕು, ದುಡ್ಡು ಕೇಳಬೇಕು, ಬೇಡ ಅನ್ನಬೇಕಾದಾಗ ಬೇಡ ಅನ್ನಬೇಕು.

ಆ ಕುರ್ಚಿಯಲ್ಲಿ ನಮ್ಮವರೊಬ್ಬರು ಕೂರುವುದೇ ತಡವಾಯಿತು. ನಮ್ಮ ಕೊಡಗಿನ ಕಾರ್ಯಪ್ಪ 1949ರ ಜನವರಿಯಲ್ಲೇ ಸೈನ್ಯದ ಮುಖ್ಯಸ್ಥರಾದರು, ಅದು ಎಲ್ಲರಿಗೂ ಗೊತ್ತು. ವಾಯುಪಡೆಗೆ 1954ರಲ್ಲಿ ಸುಬ್ರೊತೊ ಮುಖರ್ಜಿ ಬಂದರು. ನೌಕಾಪಡೆ ಮಾತ್ರ 1958ರ ಏಪ್ರಿಲ್‌ವರೆಗೂ ಬ್ರಿಟಿಷ್ ಅಡ್ಮಿರಲ್‌ಗಳ ಕೈಯಲ್ಲೇ ಇತ್ತು. ಬ್ರಿಟಿಷರು ಭಾರತೀಯರನ್ನು ನೌಕಾಪಡೆಯಲ್ಲಿ ಅಧಿಕಾರಿಗಳಾಗಿ ತೆಗೆದುಕೊಂಡದ್ದೇ ಬಹಳ ತಡವಾಗಿ. ಹಾಗಾಗಿ ಅಷ್ಟು ಸೀನಿಯರ್ ಆದವರು ನಮ್ಮಲ್ಲಿ ಇರಲಿಲ್ಲ. ಕೊನೆಗೆ ಆ ಜಾಗಕ್ಕೆ ಬಂದವರು ರಾಮದಾಸ್ ಕಟಾರಿ, ಡಫರಿನ್ ತರಬೇತಿ ಹಡಗಿನ ಮೊದಲ ತಂಡದ ಹುಡುಗ. ಕಾರ್ಯಪ್ಪನವರ ಹೆಸರಿನ ಪಕ್ಕದಲ್ಲಿ ಕಟಾರಿಯವರ ಹೆಸರೂ ಮಕ್ಕಳ ಪಾಠದಲ್ಲಿ ಬರಬೇಕು, ಅಲ್ವಾ?

ಮುಖ್ಯಸ್ಥರು ಹಿಡಿದ ಕೆಲಸ ಎಷ್ಟೋ ಸಲ ಅವರ ಕಾಲದಲ್ಲಿ ಮುಗಿಯುವುದಿಲ್ಲ. ನಮ್ಮ ಕಾರವಾರವನ್ನೇ ತಗೊಳ್ಳಿ. ಮುಂಬೈ ಬಂದರಿನಲ್ಲಿ ವ್ಯಾಪಾರದ ಹಡಗು, ಮೀನುಗಾರರ ದೋಣಿ ಎಲ್ಲ ಸೇರಿ ಯುದ್ಧನೌಕೆಗಳಿಗೆ ಜಾಗ ಸಾಲುತ್ತಿರಲಿಲ್ಲ. ನೌಕಾಪಡೆಗೇ ಅಂತ ಬೇರೆ ನೆಲೆ ಬೇಕು, ಅದು ಕಾರವಾರದಲ್ಲಿ ಆಗಲಿ ಅನ್ನೋ ಯೋಜನೆಯನ್ನು ಹಿಡಿದವರು 1982ರಿಂದ 84ರವರೆಗೆ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆಸ್ಕರ್ ಡಾಸನ್. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕುವಾಗ ಡಾಸನ್ ಆ ಕುರ್ಚಿಯಲ್ಲಿ ಇರಲಿಲ್ಲ. ಐಎನ್‌ಎಸ್ ಕದಂಬ ಅನ್ನೋ ಆ ನೆಲೆ ಶುರುವಾದದ್ದು 2005ರಲ್ಲಿ. ಅರ್ಗಾ ಮತ್ತು ಸುತ್ತಲಿನ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲದಂಡೆ ಬಿಟ್ಟುಕೊಟ್ಟವು. ಅವರ ಪರಿಹಾರದ ಕೇಸುಗಳು ವರ್ಷಗಟ್ಟಲೆ ಎಳೆದಾಡಿದವು. ಆ ಜನರಿಗೆ ಸರ್ಕಾರ ಮಾಡಿದ್ದು ಅನ್ಯಾಯವೇ, ಇದರಲ್ಲಿ ನನಗೆ ಎರಡು ಮಾತಿಲ್ಲ. ನೆಲೆಯ ಅಗತ್ಯ ನಿಜವಾಗಿತ್ತು, ಅವರ ನೋವೂ ನಿಜ.

ಬಾಯಿ ಬಿಟ್ಟು ಹೇಳುವವರಿಗೆ ಯಾವಾಗಲೂ ಒಳ್ಳೆಯದಾಗುತ್ತದೆ ಅಂತೇನಿಲ್ಲ. ಸರ್ಕಾರ ಆರಿಸಿದ ಉಪಮುಖ್ಯಸ್ಥರನ್ನು ಒಪ್ಪದ ನೌಕಾಪಡೆ ಮುಖ್ಯಸ್ಥ ವಿಷ್ಣು ಭಾಗವತ್ ಅವರನ್ನು 1998ರ ಡಿಸೆಂಬರ್ 30ರಂದು ವಜಾ ಮಾಡಿದರು. ಕೊನೆಯ ಮಾತು ಚುನಾಯಿತ ಸರ್ಕಾರದ್ದೇ ಆಗಿರಬೇಕು, ಇದರಲ್ಲಿ ಅನುಮಾನವೇ ಇಲ್ಲ. ಆದರೆ ವಿಷಯ ಅಷ್ಟು ಕೆಡುವವರೆಗೂ ಬಿಟ್ಟದ್ದು ಎರಡೂ ಕಡೆಯ ತಪ್ಪು.

ನನಗೆ ಜಾಸ್ತಿ ನೋವು ಕೊಡುವುದು 2014. ಹಿಂದಿನ ವರ್ಷ ಆಗಸ್ಟ್‌ನಲ್ಲಿ ಮುಂಬೈ ಡಾಕ್‌ಯಾರ್ಡ್‌ನಲ್ಲೇ ಸಿಂಧುರಕ್ಷಕ್ ಸಬ್‌ಮರೀನ್ ಸ್ಫೋಟಗೊಂಡು 18 ಜನ ಸತ್ತಿದ್ದರು. ಫೆಬ್ರವರಿ 26ಕ್ಕೆ ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಪ್ರಾಣ ಬಿಟ್ಟರು. ಅದೇ ದಿನ ಅಡ್ಮಿರಲ್ ಡಿ. ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದೇ ದಿನ ಸರ್ಕಾರ ಅದನ್ನು ಒಪ್ಪಿಕೊಂಡಿತು. ಹೊಸ ಮುಖ್ಯಸ್ಥರನ್ನು ನೇಮಿಸಲು ಮಾತ್ರ ಏಪ್ರಿಲ್ 17ರವರೆಗೂ ಕಾಯಿತು. ಜೋಶಿಯವರು ಮಾಡಿದ್ದು ದೊಡ್ಡತನ. ಆದರೆ ಹೊಣೆ ಅವರೊಬ್ಬರದೇನಾ?

ಹಳೆಯ ಸಬ್‌ಮರೀನ್‌ಗಳ ಜಾಗಕ್ಕೆ ಹೊಸವು ಯಾವಾಗ ಬಂದವು ನೋಡಿ. ಸ್ಕಾರ್ಪೀನ್ ಅನ್ನೋ ಹೊಸ ಸಬ್‌ಮರೀನ್‌ಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2005ರಲ್ಲಿ, ಅರುಣ್ ಪ್ರಕಾಶ್ ಮುಖ್ಯಸ್ಥರಾಗಿದ್ದಾಗ. ಮೊದಲ ಸಬ್‌ಮರೀನ್ ಕಲ್ವರಿ ನೌಕಾಪಡೆಗೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ, ಸುನಿಲ್ ಲಾಂಬಾ ಕಾಲದಲ್ಲಿ. ಈ ನಡುವೆ ಮೆಹ್ತಾ, ವರ್ಮಾ, ಜೋಶಿ, ಧೋವನ್ ನಾಲ್ವರೂ ಬಂದು ಹೋದರು. ಹನ್ನೆರಡು ವರ್ಷದ ಕೆಲಸಕ್ಕೆ ಮೂರು ವರ್ಷದ ಮನುಷ್ಯನೊಬ್ಬನೇ ಉತ್ತರ ಕೊಡಬೇಕು ಅಂದರೆ ಅದು ನ್ಯಾಯವಲ್ಲ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ವರ್ಷಕ್ಕೊಮ್ಮೆ ಇಷ್ಟನ್ನಾದರೂ ಕೇಳಲಿ: ನೌಕಾಪಡೆ ಮುಖ್ಯಸ್ಥರು ಸಚಿವಾಲಯಕ್ಕೆ ಏನೇನು ಬೇಕು ಅಂತ ಬರೆದರು, ಅದಕ್ಕೆ ಎಷ್ಟು ದಿನದಲ್ಲಿ ಉತ್ತರ ಬಂತು, ಬರದಿದ್ದರೆ ಕಡತ ಯಾರ ಮೇಜಿನ ಮೇಲಿತ್ತು. ಗುಟ್ಟಿನ ವಿಷಯ ಬಿಟ್ಟು ಉಳಿದದ್ದನ್ನು ನಮಗೂ ತಿಳಿಸಲಿ.