ಪೂರ್ಣವಿರಾಮದ ತನಕ

ಜರ್ಮನ್ ಕಲಿಯುವವರು ಮೊದಲು ಬೆದರುವುದು ವ್ಯಾಕರಣಕ್ಕಲ್ಲ, ಪದದ ಉದ್ದಕ್ಕೆ. ಪುಟ ತೆರೆದರೆ ‘ಕ್ರಾಂಕನ್‌ಫೆರ್‌ಜಿಷರುಂಗ್’ ಗೂಡ್ಸ್ ರೈಲಿನ ಹಾಗೆ ಅಡ್ಡ ನಿಂತಿರುತ್ತದೆ. ಎದೆ ಧಸಕ್ಕೆನ್ನುತ್ತದೆ, ಓದಿದ್ದ ಎರಡು ಸಾಲೂ ಮರೆತುಹೋಗುತ್ತವೆ. ಇದು ದಡ್ಡತನವಲ್ಲ. ತಲೆ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವುದೇ ಸ್ವಲ್ಪ. ಆ ಜಾಗದಲ್ಲಿ ‘ನನ್ನ ಕೈಲಾಗಲ್ಲ’ ಬಂದು ಕಾಲು ಚಾಚಿ ಮಲಗಿದರೆ ವಾಕ್ಯ ಎಲ್ಲಿ ಕೂರಬೇಕು?

ಉದ್ದದ ಪದವನ್ನು ಬಾಲದಿಂದ ಹಿಡಿಯಬೇಕು. ‘ಫೆರ್‌ಜಿಷರುಂಗ್’ ಎಂದರೆ ವಿಮೆ, ‘ಕ್ರಾಂಕ್’ ಎಂದರೆ ಕಾಯಿಲೆಬಿದ್ದ. ಇಡೀ ಪದದ ಲಿಂಗವೂ ಬಾಲದ್ದೇ. ನಮ್ಮ ತತ್ಪುರುಷ ಸಮಾಸದಲ್ಲೂ ಉತ್ತರಪದವೇ ತಾನೆ ಯಜಮಾನ? (ಅವರದು ಕಾಯಿಲೆಯ ಹೆಸರಿನ ವಿಮೆ, ನಮ್ಮದು ಆರೋಗ್ಯದ ಹೆಸರಿನದು, ಕಂತು ಇಬ್ಬರಿಗೂ ತಪ್ಪಿದ್ದಲ್ಲ.)

ಇನ್ನು ‘ಇಷ್ ರೂಫೆ ಡಿಷ್ ಮೋರ್ಗನ್ ಆನ್’. ‘ರೂಫೆ’ ಕಂಡೊಡನೆ ನಿಘಂಟಿಗೆ ಕೈಹಾಕಿದವರು ‘ನಾಳೆ ನಿನ್ನನ್ನು ಕೂಗುತ್ತೇನೆ’ ಎಂದು ಬರೆದುಕೊಳ್ಳುತ್ತಾರೆ. ಕೊನೆಯ ಆ ಪುಟಾಣಿ ‘ಆನ್’ ಸೇರಿದರೆ ಕೂಗೆಲ್ಲ ಅಡಗಿ, ‘ನಾಳೆ ಫೋನ್ ಮಾಡುತ್ತೇನೆ’ ಎಂದಾಗುತ್ತದೆ. ಹಾಗಾಗಿ ಪೂರ್ಣವಿರಾಮದ ತನಕ ನಿಘಂಟು ಮುಟ್ಟಬಾರದು. ಗೊತ್ತಿಲ್ಲದ ಪದದಡಿ ಪೆನ್ಸಿಲಿನಲ್ಲಿ ಗೆರೆ ಎಳೆದು ಮುಂದೆ ಸಾಗಬೇಕು. ಅದೇ ಪದ ಮೂರನೇ ಸಲ ಎದುರಾದರೆ ಆಗ ಹುಡುಕಿದರಾಯಿತು. ನೂರು ಪದಕ್ಕೆ ಎರಡು ಮೂರು ಗೆರೆ ಬಿದ್ದರೆ ಓದು ಓಡುತ್ತದೆ. ಹದಿನೈದು ಬಿದ್ದರೆ ಆ ಪುಸ್ತಕವನ್ನು ಆರು ತಿಂಗಳು ಕಪಾಟಿನಲ್ಲಿಡುವುದೇ ಲೇಸು. ಕನ್ನಡಿಗರಿಗೆ ಕಾಯುವುದು ಹೊಸದೇನಲ್ಲ: ನೆಂಟರಿಗೆ ಊಟ ಬಡಿಸಿದರೋ ಇಲ್ಲವೋ ನಮ್ಮ ವಾಕ್ಯದಲ್ಲೂ ಕೊನೆಗೇ ತಿಳಿಯುವುದು. ಜರ್ಮನ್ನನ್ನು ಇಂಗ್ಲಿಷಿನ ಮೂಲಕ ಓದಲು ಹೋಗಿ ಆ ತಾಳ್ಮೆಯನ್ನು ಮರೆಯುತ್ತೇವೆ, ಅಷ್ಟೆ.

ಪೀಟರ್ ಸಾಲೊವೆ, ಜಾನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆಯನ್ನು ವಿವರಿಸುವಾಗ ತನ್ನ ಭಾವ, ಇತರರ ಭಾವ ಎರಡನ್ನೂ ಗುರುತಿಸುವುದನ್ನು ಸೇರಿಸಿದ್ದರು. ಓದುವಾಗಲೂ ಈ ಎರಡೂ ಬೇಕು. ತನ್ನ ಗಾಬರಿಯ ಮಾತು ಮೇಲೆಯೇ ಮುಗಿಯಿತು. ಬರೆದವರ ಮನಸ್ಸು ಓದುವುದು ಇನ್ನೂ ಕಷ್ಟ.

ಜರ್ಮನ್ ಕಲಿಸುವ ಗೋಯಥೆ ಸಂಸ್ಥೆಯ ಬಿ1 (ಮಧ್ಯಮ ಹಂತದ) ಪರೀಕ್ಷೆಯಲ್ಲಿ ಓದಿಗೆ 65 ನಿಮಿಷ, ಐದು ಭಾಗ. ನಾಲ್ಕನೆಯದರಲ್ಲಿ ಏಳು ಜನರ ಪುಟ್ಟ ಬರಹಗಳು. ಒಬ್ಬೊಬ್ಬರೂ ನಿಷೇಧದಂಥ ಒಂದು ವಿಷಯದ ಪರವೋ ಅಲ್ಲವೋ ಎಂದು ಪರೀಕ್ಷೆ ಬರೆಯುವವರು ಹೇಳಬೇಕು. ಪದಗಳೆಲ್ಲ ಗೊತ್ತಿದ್ದವರೂ ಇಲ್ಲಿ ಎಡವುತ್ತಾರೆ, ಯಾಕೆಂದರೆ ‘ನನ್ನ ವಿರೋಧವಿದೆ’ ಎಂದು ಯಾರೂ ನೇರ ಬರೆಯುವುದಿಲ್ಲ. ಎರಡು ಸಾಲು ಹೊಗಳಿ, ‘ಆಬರ್’ ಎಂದು ಮಗ್ಗುಲು ಬದಲಿಸುತ್ತಾರೆ. ಅದು ನಮ್ಮ ‘ಆದರೆ’; ಅಸಲಿ ಮಾತು ಅದರಾಚೆಗಿರುತ್ತದೆ. ‘ದಾಸ್ ಇಸ್ಟ್ ಡೋಖ್ ಕ್ಲಾರ್’ ಎಂಬಲ್ಲಿನ ‘ಡೋಖ್’ಗೆ ನಿಘಂಟು ‘ಆದರೂ’ ಎಂದು ಅರ್ಥ ಕೊಟ್ಟರೆ ಏನೂ ಹೊಂದುವುದಿಲ್ಲ. ‘ಗೊತ್ತಿರೋದೇ ತಾನೆ!’ ಎಂದು ಓದಿದರೆ ಬರೆದವರ ಹುಬ್ಬು ಮೇಲೇರಿದ್ದೂ ಕಾಣುತ್ತದೆ. ಪ್ರತಿ ಬರಹದ ಪಕ್ಕ ಒಂದೇ ಒಂದು ಕನ್ನಡ ಪದ ಗೀಚಿಕೊಂಡರೆ ಸಾಕು: ಗೊಣಗಾಟ, ವ್ಯಂಗ್ಯ, ಹುಸಿಮುನಿಸು. ‘ಹೌದು’, ‘ಇಲ್ಲ’ಕ್ಕೆ ಗುರುತು ಹಾಕುವುದು ಆಮೇಲೆ.