ಬೆಂಗಳೂರಿಂದ ಏಳು ತಾಸು, ಕ್ರಾಸಿನಿಂದ ಒಂದು ತಾಸು

ಮೊನ್ನೆ ಅಪ್ಪನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದೆವು. ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ, ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗೆ. ಕ್ರಾಸಿನಲ್ಲಿ ನಿಲ್ಲಿಸ್ರಿ ಅಂತ ಹತ್ತುವಾಗಲೇ ಕಂಡಕ್ಟರ್‌ಗೆ ಹೇಳಿದ್ದೆ. ಹೂಂ ಅಂದಿದ್ದ. ನಸುಕಿನಲ್ಲಿ ಎಚ್ಚರಾಗಿ ನೋಡಿದರೆ ಬಸ್ಸು ಬ್ರಿಜ್ ಏರಿಬಿಟ್ಟಿದೆ. ಕೆಳಗೆ ನಮ್ಮ ಕ್ರಾಸಿನ ಚಹಾದಂಗಡಿಯ ಲೈಟು ಕಂಡಿತು, ಹಿಂದೆ ಸರಿಯಿತು. ಕೂಗಿ ನಿಲ್ಲಿಸುವಷ್ಟರಲ್ಲಿ ಎರಡು ಕಿಲೋಮೀಟರ್ ದಾಟಿತ್ತು.

“ಬ್ರಿಜ್ ಮ್ಯಾಲೆ ನಿಲ್ಲಂಗಿಲ್ರಿ. ಲಗೂ ಇಳೀರಿ.”

ಇಳಿದೆವು. ಅಪ್ಪನ ಕಣ್ಣಿಗೆ ಕಪ್ಪು ಕನ್ನಡಕ. ನನ್ನ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಅಪ್ಪನ ಕೈ. ಬಿಳಿ ಗೆರೆಯ ಆಚೆ ಕಾಲಿಟ್ಟು ವಾಪಸ್ ನಡೆದೆವು. ಇಳಕಲ್ ಗ್ರಾನೈಟ್ ಬಂಡೆ ಹೊತ್ತ ಲಾರಿ ಪಕ್ಕದಲ್ಲಿ ಹೋದಾಗ ನೆಲವೇ ನಡುಗುತ್ತದೆ. ಮೊಬೈಲ್ ಟಾರ್ಚ್ ಹಿಡಿದು ಇಳಿಜಾರಿನಲ್ಲಿ ಜಾರುತ್ತಾ ಕೆಳಗೆ ಬಂದಾಗ ಅಪ್ಪ ಅಂದ, “ಬೆಂಗ್ಳೂರಿಂದ ಏಳ್ ತಾಸು. ಇಲ್ಲಿಂದ ಮನಿಗೆ ಒಂದ್ ತಾಸು ಆಕ್ಕೈತೇನೋ ತಮ್ಮಾ?” ಆಯಿತು.

ರಸ್ತೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಳೆಯ 13 ನಂಬರ್ ರೋಡಿನಲ್ಲಿ ಓಡಾಡಿದವರಿಗೆ ಗೊತ್ತು. ಈಗ ಅದಕ್ಕೆ 50 ಅಂತ ನಂಬರ್. ನಮ್ಮ ಹಿರಿಯರಿಗೆ ಮಾತ್ರ ಅದು ಇಂದಿಗೂ ಸೊಲ್ಲಾಪುರ ರೋಡೇ. ಬೀದರ್, ಕಲಬುರಗಿ, ವಿಜಯಪುರ ದಾಟಿ ಕುಷ್ಟಗಿ ಮೇಲೆ ಹೊಸಪೇಟೆಗೆ ಬಂದು, ಚಿತ್ರದುರ್ಗದಲ್ಲಿ 48ನೇ ಹೆದ್ದಾರಿಗೆ ಸೇರುತ್ತದೆ. ಅಲ್ಲಿಂದ ಹಿರಿಯೂರು, ಶಿರಾ, ತುಮಕೂರು, ಬೆಂಗಳೂರು. ಹೊಸಪೇಟೆ ಹತ್ತಿರ ಗುಡ್ಡ ಕೊರೆದು ಸುರಂಗವನ್ನೇ ಮಾಡಿದ್ದಾರೆ. ಕುಷ್ಟಗಿಯ ದಾಳಿಂಬೆ ರಾತ್ರಿ ತುಂಬಿದರೆ ಬೆಳಿಗ್ಗೆ ರಾಜಧಾನಿಯ ಮಾರ್ಕೆಟ್ಟಿನಲ್ಲಿ. ಇದೆಲ್ಲ ಒಪ್ಪಿದೆ. ಹಿಟ್ನಾಳ ಟೋಲಿನಲ್ಲಿ ಫಾಸ್ಟ್ಯಾಗ್ ಕಟ್ ಆದ ಮೆಸೇಜು ಬಂದಾಗಲೂ ಜಾಸ್ತಿ ಬೈದುಕೊಳ್ಳುವುದಿಲ್ಲ. ಸ್ವಲ್ಪ ಬೈಯುತ್ತೇನೆ, ಅಷ್ಟೇ.

ಆದರೆ ಈ ರಸ್ತೆ ಹಿಡಿದು ಬೆಂಗಳೂರಿಗೆ ಹೋಗುವ ನಮ್ಮ ಕಡೆಯ ಜನ ಯಾರು? ಸ್ವಂತ ಕಾರಿನವರು ಎಷ್ಟು ಮಂದಿ? ಸುಗ್ಗಿ ಮುಗಿದ ಮೇಲೆ ಸಂಜೆ ಯಾವುದಾದರೂ ಕ್ರಾಸಿಗೆ ಬಂದು ನೋಡಿ. ಗುಳೆ ಹೊರಟವರು ನಿಂತಿರುತ್ತಾರೆ. ಜೋಳದ ಹಿಟ್ಟಿನ ಚೀಲ, ಸುತ್ತಿದ ಕೌದಿ, ಹಗ್ಗ ಬಿಗಿದ ಪಾತ್ರೆ ಗಂಟು, ಅದರ ಮೇಲೆ ನಿದ್ದೆಗಣ್ಣಿನ ಕೂಸು. ಸರ್ವಿಸ್ ರೋಡಿನಲ್ಲಿ ನಿಂತರೆ ಬಸ್ಸು ತಲೆ ಮೇಲಿಂದ ಹೋಗುತ್ತದೆ. ಅದಕ್ಕೇ ಗಂಟು ಹೊತ್ತು ದಿಬ್ಬ ಹತ್ತಿ ಹೆದ್ದಾರಿಗೇ ಬಂದು ಕೈ ಮಾಡುತ್ತಾರೆ. ಎಂಬತ್ತು, ನೂರು ಸ್ಪೀಡಿನಲ್ಲಿ ಬರುವ ಗಾಡಿಗಳ ಮುಂದೆ! ಸತ್ತರೆ ಮಾತ್ರ “ಅಜಾಗರೂಕತೆಯಿಂದ ರಸ್ತೆ ದಾಟುತ್ತಿದ್ದಾಗ” ಅಂತ ಬರೆಯುತ್ತಾರೆ.

ಡ್ರೈವರ್, ಕಂಡಕ್ಟರ್‌ನ ಬೈದು ಉಪಯೋಗ ಇಲ್ಲ. ಅವರಿಗೂ ಟೈಮಿಗೆ ಮುಟ್ಟಿಸಬೇಕು ಅನ್ನೋ ಒತ್ತಡ. ಎಲ್ಲ ಹಳ್ಳಿಗೂ ಇಳಿದು ಹತ್ತಿದರೆ ಎಕ್ಸ್‌ಪ್ರೆಸ್ ಬಸ್ಸು ಅನ್ನೋದಕ್ಕೆ ಅರ್ಥವೇ ಇರಲ್ಲ, ಅಲ್ವಾ? ನಾಲ್ಕೈದು ದೊಡ್ಡ ಕ್ರಾಸುಗಳನ್ನಾದರೂ ಗೊತ್ತು ಮಾಡಲಿ. ಅಲ್ಲಿ ರಾತ್ರಿ ಬಸ್ಸು ಸರ್ವಿಸ್ ರೋಡಿಗೆ ಇಳಿದೇ ಹೋಗಬೇಕು ಅಂತ ಬರೆದು ಕೊಡಲಿ. ಒಂದು ತಗಡಿನ ಶೆಡ್ಡು, ಉರಿಯುವ ಒಂದು ಲೈಟು. ಇಷ್ಟಕ್ಕೆ ಸುರಂಗ ಕೊರೆಯುವಷ್ಟು ಖರ್ಚಿಲ್ಲ.

ಮುಂದಿನ ತಿಂಗಳು ಮತ್ತೆ ತಪಾಸಣೆಗೆ ಹೋಗಬೇಕು. ಬರುವಾಗ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲೇ ಇಳಿದು, ಬೆಳಕು ಹರಿಯುವ ತನಕ ಅಲ್ಲೇ ಕೂತು, ಕ್ರಾಸಿನಲ್ಲಿ ನಿಲ್ಲುವ ಬಸ್ಸು ಹಿಡಿಯೋಣ ಅಂತ ಅಪ್ಪ ಈಗಲೇ ಹೇಳಿಬಿಟ್ಟಿದ್ದಾನೆ.