ಆಲೂಗಡ್ಡೆ ತೇಲಿದ ರಾತ್ರಿ

ಭಾನುವಾರ ರಾತ್ರಿ ಊಟ ಮುಗಿಸಿ ಕಾಲು ಚಾಚುವ ಹೊತ್ತಿಗೆ ಮಗಳು ಬಂದು, "ಅಪ್ಪ, ನಾಳೆ ಸೈನ್ಸ್ ಎಗ್ಸಿಬಿಷನ್. ನಂದು ತೇಲೋದು, ಮುಳುಗೋದು" ಅಂದಳು. ಹದಿನೈದು ದಿನದ ಹಿಂದೆಯೇ ಹೇಳಿದ್ದರಂತೆ. ಮಕ್ಕಳಿಗೆ ಇಂಥದ್ದೆಲ್ಲ ನೆನಪಾಗುವುದು ಅಂಗಡಿಗಳು ಬಾಗಿಲು ಹಾಕಿದ ಮೇಲೆಯೇ.

ಸಿಹಿನೀರಿನಲ್ಲಿ ಮುಳುಗುವ ಮೊಟ್ಟೆ ಉಪ್ಪುನೀರಿನಲ್ಲಿ ತೇಲಬೇಕು, ಇದು ಪ್ರಯೋಗ. ಆದರೆ ನಮ್ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ, ಅಮ್ಮನ ಕಾನೂನು. ಆಲೂಗಡ್ಡೆಯೂ ಆಗುತ್ತದೆ ಅಂತ ಎಲ್ಲೋ ಓದಿದ್ದೆ. ಬುಟ್ಟಿಯಲ್ಲಿ ಒಂದೇ ಒಂದು ಉಳಿದಿತ್ತು.

"ಭಾರ ಇದ್ರೆ ಮುಳುಗುತ್ತೆ, ಹಗುರ ಇದ್ರೆ ತೇಲುತ್ತೆ. ಅಷ್ಟೇ ಅಲ್ವಾ?" ಅಂದಳು ಮಗಳು. ನಾನು ಸ್ಟೀಲ್ ಚಮಚ ನೀರಿಗೆ ಹಾಕಿದೆ, ತಳ ಸೇರಿತು. ಅದಕ್ಕಿಂತ ಎಷ್ಟೋ ಭಾರದ ಸ್ಟೀಲ್ ಬಟ್ಟಲು ಬಿಟ್ಟೆ, ಆರಾಮಾಗಿ ತೇಲಿತು. ಬಟ್ಟಲಿನ ಹೊಟ್ಟೆಯಲ್ಲಿ ಗಾಳಿ ಇದೆ, ಹಾಗಾಗಿ ಅದು ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದ ನೀರಿನ ತೂಕ ಬಟ್ಟಲಿನ ತೂಕಕ್ಕೆ ಸಮವಾದರೆ ಮುಗಿಯಿತು, ಹಡಗು ತೇಲುವುದೂ ಹೀಗೆಯೇ ಅಂದೆ. "ಬೆಳಗ್ಗೆ ಒಂಬತ್ತರ ಸಿಟಿ ಬಸ್ಸು, ಮಧ್ಯಾಹ್ನ ಮೂರರ ಸಿಟಿ ಬಸ್ಸು. ಬಸ್ಸು ಅಷ್ಟೇ ದೊಡ್ಡದು, ಒಳಗೆ ತುರುಕಿದ್ದು ಬೇರೆ. ಇದನ್ನೇ ಸಾಂದ್ರತೆ ಅನ್ನೋದು." ಈ ಹೋಲಿಕೆ ನನಗೇ ಎಷ್ಟು ಹಿಡಿಸಿತೆಂದರೆ ಇನ್ನೊಂದು ಸಲ ಹೇಳಿದೆ. ಮಗಳು ಆಕಳಿಸಿದಳು.

ಎರಡು ಲೀಟರ್ ನೀರಿಗೆ ಆಲೂಗಡ್ಡೆ ಬಿಟ್ಟೆ. ಮುಳುಗಿತು. ಒಂದು ಚಮಚ ಉಪ್ಪು ಹಾಕಿ ಕಲಕಿದೆ. ಮೂರು ಚಮಚ. ಆರು. ಭಾನುವಾರ ಮಧ್ಯಾಹ್ನ ಬಿಸಿಬೇಳೆ ಬಾತ್ ತಿಂದು ಮಲಗಿದ ಗಂಡಸಿನ ಹಾಗೆ ಅದು ಅಲ್ಲಾಡಲಿಲ್ಲ. "ಈ ಆಲೂಗಡ್ಡೆಯೇ ಸರಿಯಿಲ್ಲ" ಅಂದೆ.

ಬಾಗಿಲಲ್ಲಿ ನಿಂತಿದ್ದ ಅಮ್ಮ ನಕ್ಕಳು. "ಸಾರಿಗೆ ಹಾಕೋ ಹಾಗೆ ಹಾಕಿದ್ರೆ ಎಲ್ಲಿಂದ ತೇಲ್ಬೇಕೋ? ಹಿಡಿಯಲ್ಲಿ ಹಾಕು." ಅವಳೇ ಡಬ್ಬ ಎಳೆದುಕೊಂಡು ಹಿಡಿ ಹಿಡಿ ಸುರಿದು ಕಲಕಿದಳು. ಆಲೂಗಡ್ಡೆ ಒಂದು ಮಗ್ಗುಲು ಹೊರಳಿತು, ಒಂದು ತುದಿ ಎತ್ತಿತು, ಆಮೇಲೆ ನಿಧಾನಕ್ಕೆ ಮೇಲೆ ಬಂತು.

ಉಪ್ಪು ಕರಗಿದಷ್ಟೂ ನೀರಿನ ಸಾಂದ್ರತೆ ಏರುತ್ತದೆ, ಅದು ಆಲೂಗಡ್ಡೆಯದ್ದನ್ನು ಮೀರಿದರೆ ಆಲೂಗಡ್ಡೆ ತೇಲುತ್ತದೆ. ಆಮೇಲೆ ಲೆಕ್ಕ ಹಾಕಿದೆ. 1 ಲೀಟರಿಗೆ ಸುಮಾರು 150 ಗ್ರಾಂ ಉಪ್ಪು ಬೇಕು. ಎರಡು ಲೀಟರಿಗೆ ನಾನು ಹಾಕಿದ್ದು 40 ಗ್ರಾಂ ಇದ್ದರೆ ಹೆಚ್ಚು. ಸಮುದ್ರದ ನೀರಿನಲ್ಲೂ ಲೀಟರಿಗೆ 35 ಗ್ರಾಂ ಆಸುಪಾಸು ಉಪ್ಪು, ಅಷ್ಟೇ. ಮಲ್ಪೆಗೆ ಒಯ್ದು ಎಸೆದಿದ್ದರೂ ನಮ್ಮ ಆಲೂಗಡ್ಡೆ ಮುಳುಗುತ್ತಿತ್ತು.

"ನಿನಗೆ ಹೇಗಮ್ಮ ಗೊತ್ತು?" ಅಂದೆ. "ನಮ್ಮಪ್ಪ ಭತ್ತ ಬಿತ್ತೋಕೆ ಮುಂಚೆ ಇದನ್ನೇ ಮಾಡ್ತಿದ್ರು. ಬರೀ ನೀರಲ್ಲಿ ಪೂರ್ತಿ ಜೊಳ್ಳು ಮಾತ್ರ ತೇಲುತ್ತೆ. ಅರ್ಧಂಬರ್ಧ ತುಂಬಿದ ಕಾಳು ಕಳ್ಳನ ಹಾಗೆ ಗಟ್ಟಿ ಕಾಳಿನ ಜೊತೆ ಕೆಳಗೇ ಕೂತಿರುತ್ತೆ. ಉಪ್ಪು ಹಾಕಿದ್ರೆ ಅದೂ ಮೇಲೆ ಬರುತ್ತೆ. ತಳದ್ದನ್ನ ಒಳ್ಳೆ ನೀರಲ್ಲಿ ಎರಡು ಸಲ ತೊಳೆದು ಮೊಳಕೆಗೆ ಕಟ್ಟೋದು." ಸಾಂದ್ರತೆ ಅನ್ನುವ ಮಾತು ಅವಳ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ನನ್ನ ಬಸ್ಸು ಸುಮ್ನೆ ಡಿಪೋ ಸೇರಿತು.

ತೇಲಿದ ಆಲೂಗಡ್ಡೆಯ ಫೋಟೋ ತೆಗೆಯೋಣ ಅಂತ ಬಗ್ಗಿದೆ. ಉಪ್ಪುಗೈ, ಒದ್ದೆ ಬೇರೆ. ಫೋನ್ ಜಾರಿ ಪಾತ್ರೆಗೆ ಬಿತ್ತು. ಆಲೂಗಡ್ಡೆಯನ್ನು ಹಾಯ್ದು ನೇರ ತಳಕ್ಕೆ.

ಅಮ್ಮ ಇಣುಕಿ ನೋಡಿದಳು. "ಜೊಳ್ಳಲ್ಲ ಬಿಡು, ಗಟ್ಟಿ ಕಾಳು" ಅಂದಳು.

ಫೋನನ್ನು ಒರೆಸಿ ಫ್ಯಾನಿನ ಕೆಳಗಿಟ್ಟು, ಅದು ಬದುಕಲಿ ಅಂತ ಎಲ್ಲ ದೇವರಿಗೂ ಕೈಮುಗಿದು ಮಲಗಿದೆ. ಆ ಗಡಿಬಿಡಿಯಲ್ಲಿ ಉಪ್ಪುನೀರಿನ ಪಾತ್ರೆಗೆ ಮುಚ್ಚಳ ಮುಚ್ಚಿ ಒಲೆ ಪಕ್ಕದಲ್ಲೇ ಬಿಟ್ಟಿದ್ದೆ. ಹೆಂಡತಿಗೆ ಹೇಳಲೇ ಇಲ್ಲ, ಅವಳು ಬೇಗ ಮಲಗಿದ್ದಳು. ಬೆಳಗ್ಗೆ ಎದ್ದವಳು ಕುಡಿಯುವ ನೀರು ಅಂದುಕೊಂಡು ಅದನ್ನೇ ಕುಕ್ಕರಿಗೆ ಹಾಕಿ ಬೇಳೆ ಕೂಗಿಸಿದಳು.

"ರೀ, ಸ್ವಲ್ಪ ರುಚಿ ನೋಡಿ" ಅಂದಳು. ನೋಡಿದೆ. ಮಾತು ಹೊರಡಲಿಲ್ಲ. ಆ ನೀರಿನಲ್ಲಿ ಏನೇನು ಮುಳುಗಿತ್ತು ಅನ್ನುವುದನ್ನು ಇವತ್ತಿಗೂ ಹೇಳಿಲ್ಲ.

"ಉಪ್ಪು ಜಾಸ್ತಿ ಆದ್ರೆ ಇದು ಎಳ್ಕೊಳುತ್ತೆ ಅಂತಾರೆ ಬಿಡಮ್ಮ" ಅಂತ ಅಮ್ಮ ಸಮಾಧಾನ ಮಾಡುತ್ತಾ, ಕಟ್ಟೆ ಮೇಲೆ ಇದ್ದದ್ದನ್ನು ನಾಲ್ಕು ಹೋಳು ಮಾಡಿ ಸಾರಿಗೆ ಹಾಕಿಬಿಟ್ಟಳು.

ಅಷ್ಟರಲ್ಲಿ ಯೂನಿಫಾರ್ಮ್ ಹಾಕಿಕೊಂಡು ಮಗಳು ಬಂದಳು. "ಅಪ್ಪ, ನನ್ನ ಆಲೂಗಡ್ಡೆ ಎಲ್ಲಿ?"